ನೋಡದೇ ಬಿಟ್ಟ ಕಾಲು

ಸುಳ್ಳು ಸೈನಿಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಮುಚ್ಚಿಡುವುದಿಲ್ಲ. ನಮ್ಮಣ್ಣ ಗಡಿಯ ಬೆಟ್ಟದ ಮೇಲೆ ನೆಲದಲ್ಲಿ ಹೂತಿಟ್ಟ ಮೈನ್ ತುಳಿದು ಸತ್ತಾಗ ಅವನಿಗೆ ಇಪ್ಪತ್ತಾರು ವರ್ಷ. ಹೆಣದ ಪೆಟ್ಟಿಗೆಗೆ ಮೊಳೆ ಹೊಡೆದೇ ಕಳಿಸಿದ್ದರು. ತೆಗೆದು ನೋಡಬೇಡಿ ಎಂದು ಜೊತೆಗೆ ಬಂದವರು ಅಪ್ಪನ ಕೈ ಹಿಡಿದು ಕೇಳಿಕೊಂಡರು. ಅಂಥವರ ಹೆಸರಿನಲ್ಲಿ ಯಾವನೋ ಒಬ್ಬ ಹಳೆಬಟ್ಟೆ ಅಂಗಡಿಯಿಂದ ಕೋಟು ತಂದು, ಎದೆಗೆ ನಾಲ್ಕು ಪದಕ ಚುಚ್ಚಿಕೊಂಡು, ಬಸ್ಸಿನಲ್ಲಿ ಸೀಟು ಗಿಟ್ಟಿಸಿ ಯುದ್ಧದ ಬುರುಡೆ ಬಿಡುತ್ತಾನೆಂದರೆ ನನ್ನ ಕೈ ತುರಿಸುತ್ತಿತ್ತು.

ನಾನೂ ಸೈನ್ಯದಲ್ಲಿದ್ದವನೇ, ಆದರೆ ಬಂದೂಕು ಹಿಡಿದು ನಿಂತವನಲ್ಲ. ಗಡಿಯಿಂದ ದೂರದ ಸೈನಿಕ ಆಸ್ಪತ್ರೆಯಲ್ಲಿ ಕೃತಕ ಕಾಲು ಮಾಡುತ್ತಿದ್ದೆ. ಹನ್ನೆರಡು ವರ್ಷ ಅಲ್ಲಿ, ಆಮೇಲೆ ಹತ್ತು ವರ್ಷ ಈ ಊರಿನ ಆಸ್ಪತ್ರೆಯ ಹಿಂಬದಿಯ ವರ್ಕ್‌ಶಾಪಿನಲ್ಲಿ. ಉಳಿದ ಮೋಟನ್ನು ಒಮ್ಮೆ ನೋಡಿದರೆ ಸಾಕು, ಕಾಲು ಹೇಗೆ ಹೋಯಿತೆಂದು ಹೇಳಿಬಿಡುತ್ತಿದ್ದೆ. ರೈಲಿಗೆ ಸಿಕ್ಕಿದ್ದು ಬೇರೆ, ಸಕ್ಕರೆ ಕಾಯಿಲೆಗೆ ಕತ್ತರಿಸಿದ್ದು ಬೇರೆ. ಮೈನಿಗೆ ಹೋದದ್ದಾದರೆ ಹೊಲಿಗೆ ಅಡ್ಡಾದಿಡ್ಡಿ, ಮೂಳೆಯ ತುದಿ ಮೊನಚು, ಚರ್ಮ ಸಾಲದೆ ಎಲ್ಲಿಂದಲೋ ಎಳೆದು ಮುಚ್ಚಿದಂತೆ ಇರುತ್ತದೆ. ಈ ವಿದ್ಯೆಯ ಬಗ್ಗೆ ನನಗೆ ವಿಪರೀತ ಜಂಬವಿತ್ತು.

ನಾವು ನಾಲ್ಕು ಜನ. ಟೈರ್ ಅಂಗಡಿ ಇಟ್ಟುಕೊಂಡಿದ್ದ ಸಾರ್ಜೆಂಟ್ ನಮ್ಮ ನಾಯಕ. ಅವನ ಭುಜದಲ್ಲಿ ಗುಂಡು ಹೊಕ್ಕು ಹೊರಟ ಗುರುತು ನಿಜವಾದದ್ದು. ಸೈನ್ಯದ ಲಾರಿ ಓಡಿಸುತ್ತಿದ್ದ ಡ್ರೈವರ್ ಇನ್ನೊಬ್ಬ. ತಂತಿ ವಿಭಾಗದಲ್ಲಿದ್ದವನಿಗೆ ರೇಡಿಯೋ ಎಂದೇ ಹೆಸರು. ಬಾಯಿಯೂ ಹಾಗೇ, ಆರಿಸಲು ಗುಂಡಿ ಸಿಗುತ್ತಿರಲಿಲ್ಲ. ಫೋನಿನಲ್ಲಿ ವಿಡಿಯೋ ತೆಗೆದು ಊರಿಗೆಲ್ಲ ಹಂಚುವ ಕೆಲಸ ಅವನದು. ನಾಲ್ವರೂ ಸೇರಿ ಮಾಡುತ್ತಿದ್ದದ್ದು ಒಂದೇ: ಸುಳ್ಳು ಸೈನಿಕರನ್ನು ಹುಡುಕುವುದು, ಹಿಡಿಯುವುದು, ಪ್ರಶ್ನೆ ಕೇಳುವುದು, ಚಳಿ ಬಿಡಿಸುವುದು. ಕೊನೆಯಲ್ಲಿ ಪ್ಯಾಂಟು ಬಿಚ್ಚಿಸಿ ಬೀದಿಗೆ ತಳ್ಳುವುದು ಸಾರ್ಜೆಂಟ್ ಹಾಕಿದ ನಿಯಮ. ವೇಷ ಹಾಕಿದವನು ವೇಷ ಕಳಚಿಯೇ ಹೋಗಬೇಕು ಎನ್ನುತ್ತಿದ್ದ.

ಒಬ್ಬ ಜಿಮ್ ಮಾಲೀಕ ತಾನು ಕಮಾಂಡೋ ಆಗಿದ್ದೆ ಎಂದು ಗೋಡೆಗೆಲ್ಲ ಫೋಟೋ ಹಾಕಿಸಿಕೊಂಡಿದ್ದ. ಡ್ರೈವರ್ ಅವನ ತಲೆಯನ್ನು ನೀರಿನ ಡ್ರಮ್ಮಿಗೆ ಅದುಮಿ ಹಿಡಿದ, ನಾನು ಕಾಲು ಹಿಡಿದೆ. ಮೂರನೇ ಸಲ ಮೇಲೆತ್ತಿದಾಗ ಅವನು ವಾಂತಿ ಮಾಡಿಕೊಂಡು ಸೈನ್ಯದ ಮುಖವನ್ನೇ ಕಂಡಿಲ್ಲವೆಂದು ಒಪ್ಪಿಕೊಂಡ. ಸಾರ್ಜೆಂಟ್ ಒದ್ದ ಏಟಿಗೆ ಅವನ ಎರಡು ಪಕ್ಕೆಲುಬು ಮುರಿದವು. ಆ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದರು. ಅವತ್ತು ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

"ರೀ, ನಿಮ್ಮಣ್ಣ ಬದುಕಿದ್ದಿದ್ರೆ ಈ ಪಟಾಲಂ ಹತ್ತಿರಾನೂ ಸುಳೀತಿರ್ಲಿಲ್ಲ," ಎಂದಳು ನನ್ನ ಹೆಂಡತಿ.

"ನೀನು ಅವನನ್ನ ನೋಡೇ ಇಲ್ಲ," ಎಂದೆ.

"ಅತ್ತೆ ಹೇಳಿದ್ದಾರೆ. ಕೋಳಿ ಕುಯ್ಯೋವಾಗ್ಲೂ ಕಣ್ಣು ಮುಚ್ಕೋತಿದ್ರಂತೆ."

ನಾನು ಟಿವಿಯ ಶಬ್ದ ಜೋರು ಮಾಡಿದೆ.

ಹೀಗಿರುವಾಗ ಗೋದಾಮಿನ ವಾಚ್‌ಮನ್ ಒಬ್ಬ ಮಗಳ ಜೊತೆ ವರ್ಕ್‌ಶಾಪಿಗೆ ಬಂದ. ಐವತ್ತೈದರ ಆಸುಪಾಸು, ಒಣಕಲು ದೇಹ. ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗೆ ಇರಲಿಲ್ಲ. ಅವನ ಹಳೆಯ ಕೃತಕ ಕಾಲು ಸೀಳಿಹೋಗಿತ್ತು, ಅದಕ್ಕೆ ತಂತಿ ಸುತ್ತಿದ್ದ. ಮೈಮೇಲೆ ಸೈನ್ಯದ ಕೋಟು, ಎದೆಯಲ್ಲಿ ಎರಡು ಪದಕ. ಅರ್ಜಿಯಲ್ಲಿ 'ಸೈನಿಕ, ಮೈನ್ ಸ್ಫೋಟ' ಎಂದು ಬರೆಸಿದ್ದ. ನಮ್ಮಲ್ಲಿ ಸೈನಿಕರಿಗೆ ಎರಡು ವಾರದಲ್ಲಿ ಕಾಲು ಕೊಡುತ್ತೇವೆ. ಉಳಿದವರು ಹತ್ತು ತಿಂಗಳು ಸರದಿ ಕಾಯಬೇಕು.

"ನಿಂತು ಕೆಲಸ ಮಾಡೋಕಾಗದಿದ್ರೆ ಮನೇಲಿರು ಅಂತ ಗೋದಾಮಿನೋರು ಅಪ್ಪಂಗೆ ಅಂದಿದ್ದಾರೆ ಮಾಮಾ," ಎಂದಳು ಮಗಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ, ಮುಂಗೈ ತುಂಬ ಸುಟ್ಟ ಕಲೆ.

"ನಿಮ್ಮ ಸೈನ್ಯದ ನಂಬರ್ ಎಷ್ಟು?" ಎಂದು ಅವನನ್ನು ಕೇಳಿದೆ.

ವಾಚ್‌ಮನ್ ಮಗಳ ಮುಖ ನೋಡಿದ. "ಕಾಗದ ಎಲ್ಲ ನೀರುಪಾಲಾಯ್ತು ಸಾರ್."

"ನಂಬರ್ ಕಾಗದದಲ್ಲಿರಲ್ಲ, ತಲೇಲಿರುತ್ತೆ. ನನ್ನದು ನನಗೆ ನಿದ್ದೇಲಿ ಕೇಳಿದ್ರೂ ಬರುತ್ತೆ."

"ವಯಸ್ಸಾಯ್ತಲ್ಲ ಸಾರ್. ಮರೆವು," ಎಂದು ಹಲ್ಲು ಗಿಂಜಿದ.

ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಸುತ್ತಿ ಮೋಟಿನ ಕಾಲುಚೀಲ ತೆಗೆದೆ. ನೇರವಾದ ಕಲೆ, ಅಚ್ಚುಕಟ್ಟಾದ ಹೊಲಿಗೆ, ನುಣ್ಣಗೆ ಉಜ್ಜಿದ ಮೂಳೆ. ಮೈನ್ ಎಲ್ಲಾದರೂ ಹೀಗೆ ಟೇಪು ಹಿಡಿದು ಕತ್ತರಿಸುತ್ತದೆಯೇ? ಯಾವುದೋ ಮಿಲ್ಲಿನ ಗರಗಸಕ್ಕೆ ಸಿಕ್ಕಿದ ಕಾಲು, ನಮ್ಮಣ್ಣನ ಸಾವನ್ನು ತೊಟ್ಟುಕೊಂಡು ನನ್ನ ಮುಂದೆ ಕೂತಿದೆ ಅನ್ನಿಸಿ ರಕ್ತ ಕುದಿಯಿತು. ಆದರೂ ಕೈ ಅದರ ಪಾಡಿಗೆ ಕೆಲಸ ಮಾಡಿತು. ಒದ್ದೆಯಾದರೆ ಬಣ್ಣ ಬಿಡುವ ಪೆನ್ಸಿಲಿನಿಂದ ಮೂಳೆ ಒತ್ತುವ ಜಾಗಗಳನ್ನು ಗುರುತು ಮಾಡಿದೆ. ಪ್ಲಾಸ್ಟರ್ ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಸುತ್ತಿ, ಗಟ್ಟಿಯಾಗುವ ತನಕ ಎರಡೂ ಅಂಗೈಯಲ್ಲಿ ಹಿಡಿದು ಕೂತೆ. "ಬೆಚ್ಚಗಿದೆ ಸಾರ್," ಎಂದ ವಾಚ್‌ಮನ್, ಕಣ್ಣು ಮುಚ್ಚಿಕೊಂಡು.

ಸಂಜೆ ಟೈರ್ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಸಾರ್ಜೆಂಟ್ ಲಾರಿಯ ಚಕ್ರದಿಂದ ಟೈರು ಎಬ್ಬಿಸುತ್ತಿದ್ದ. ಕೈಯಲ್ಲಿದ್ದ ಕಬ್ಬಿಣದ ಲಿವರನ್ನು ಕೆಳಗಿಡದೆಯೇ ಕೇಳಿದ:

"ಗ್ಯಾರಂಟಿನಾ?"

"ನೂರಕ್ಕೆ ನೂರು."

"ಹಾಗಾದ್ರೆ ಭಾನುವಾರ ಕರೆಸು. ನಿನ್ನ ವರ್ಕ್‌ಶಾಪಿಗೇ."

ಮಗಳಿಗೆ ಫೋನ್ ಮಾಡಿದವನು ನಾನೇ. ಅಳತೆ ನೋಡಬೇಕು, ಭಾನುವಾರ ಹನ್ನೊಂದಕ್ಕೆ ಅಪ್ಪನನ್ನು ಕಳಿಸಮ್ಮಾ ಎಂದೆ. "ರಜಾ ದಿನಾನೂ ಕೆಲಸ ಮಾಡ್ತೀರಾ ಮಾಮಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ," ಎಂದಳು. ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡೆ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ಭಾನುವಾರ ಅವನೊಬ್ಬನೇ ಊರುಗೋಲಿನ ಮೇಲೆ ಬಂದ. ಕೋಟಿಗೆ ಗರಿಗರಿ ಇಸ್ತ್ರಿ ಬಿದ್ದಿತ್ತು. ನನ್ನ ಮೇಜಿಗೆ ಬಿಗಿದ ಇಕ್ಕಳದಲ್ಲಿ ಅವನ ಮೋಟಿನ ಬಿಳಿ ಅಚ್ಚು ಸಿಕ್ಕಿಸಿಟ್ಟಿದ್ದೆ. ಗಟ್ಟಿ ಪ್ಲಾಸ್ಟರು, ಹಿಡಿಯಲು ಅನುಕೂಲವಾಗಲೆಂದು ನಡುವೆ ಹುದುಗಿಸಿದ ಕಬ್ಬಿಣದ ಪೈಪು. ಅವನು ಅದನ್ನು ಒಂದು ಬೆರಳಿನಿಂದ ಮುಟ್ಟಿ, "ಇದು ನಂದಾ ಸಾರ್?" ಎಂದು ನಕ್ಕ. ಅಷ್ಟರಲ್ಲಿ ಪ್ಲಾಸ್ಟಿಕ್ ಕಾಯಿಸುವ ಒಲೆಯ ಕೋಣೆಯಿಂದ ಮೂವರೂ ಹೊರಬಂದರು. ನಾನು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದೆ.

ಡ್ರೈವರ್ ಒಂದೇ ಒದೆತಕ್ಕೆ ಊರುಗೋಲು ಹಾರಿಸಿದ. ವಾಚ್‌ಮನ್ ನಡಿಗೆ ಕಲಿಸುವ ಕಂಬಿಗಳ ನಡುವೆ ಬಿದ್ದ, ಗದ್ದ ಕಂಬಿಗೆ ಬಡಿದು ಒಡೆಯಿತು. ಕೋಟಿನ ಕಾಲರು ಹಿಡಿದು ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ರೇಡಿಯೋ ಫೋನ್ ಎತ್ತಿ ಹಿಡಿದು, "ಹ್ಞೂಂ, ಶುರು ಮಾಡಿ," ಎಂದ.

"ನಂಬರ್ ಹೇಳೋ," ಎಂದ ಸಾರ್ಜೆಂಟ್.

"ಮರೆತಿದ್ದೀನಿ ಸಾರ್..."

ಕೆನ್ನೆಗೆ ಬಿತ್ತು.

"ನಿನ್ನ ಅಧಿಕಾರಿ ಯಾರು?"

ಏನೋ ಒಂದು ಹೆಸರು ಹೇಳಿದ. ಇನ್ನೊಂದು ಕೆನ್ನೆಗೂ ಬಿತ್ತು. ಮೂರನೆಯದಕ್ಕೆ ತುಟಿ ಸೀಳಿ, ಇಸ್ತ್ರಿಯಾದ ಕೋಟಿನ ಮೇಲೆ ರಕ್ತ ಸುರಿಯಿತು. ಸಾರ್ಜೆಂಟ್ ಪದಕಗಳನ್ನು ಬಟ್ಟೆ ಸಮೇತ ಕಿತ್ತ. "ನಮ್ಮ ಪರಿಣಿತರು ಹೇಳ್ತಾರೆ, ಕೇಳಿ," ಎಂದು ರೇಡಿಯೋ ಫೋನನ್ನು ನನ್ನತ್ತ ತಿರುಗಿಸಿದ.

ನಾನು ಎದೆಯುಬ್ಬಿಸಿ ಹೇಳಿದೆ: "ಇದು ಮೈನಿಗೆ ಹೋದ ಕಾಲಲ್ಲ. ಮಿಷನ್‌ಗೆ ಸಿಕ್ಕಿದ್ದು. ಇಪ್ಪತ್ತೆರಡು ವರ್ಷದಿಂದ ಕಾಲು ನೋಡ್ತಿದ್ದೀನಿ, ನನ್ನ ಕಿವಿಗೆ ಹೂ ಇಡೋಕಾಗಲ್ಲ." ಹೇಳಿ ಮುಗಿಸಿದವನೇ ಅವನ ಪಕ್ಕೆಗೆ ಒದ್ದೆ. ಯಾರೂ ಹೇಳಿರಲಿಲ್ಲ, ನಾನಾಗಿಯೇ ಒದ್ದೆ. ಅವನು ಉಸಿರಿಗಾಗಿ ಬಾಯಿ ತೆರೆದು ಮುಚ್ಚಿದ. ನಮ್ಮಣ್ಣನ ಪರವಾಗಿ ಇನ್ನೊಂದು ಎಂದು ಮತ್ತೆ ಒದ್ದೆ.

"ಸಾಕು, ವೇಷ ಕಳಚ್ರೋ," ಎಂದ ಸಾರ್ಜೆಂಟ್.

ಡ್ರೈವರ್ ಪ್ಯಾಂಟು ಹಿಡಿದು ಎಳೆದ. ವಾಚ್‌ಮನ್ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಬೇಡ ಸಾರ್, ಬೇಡ ಸಾರ್ ಎಂದು ಹೊರಳಾಡಿದ. ಬಟ್ಟೆ ಚರ್ರನೆ ಹರಿದು ಅವನ ಬಲಗಾಲು ಹೊರಗೆ ಬಂತು.

ಒಳಗಾಲಿನ ಉದ್ದಕ್ಕೂ, ಹಿಮ್ಮಡಿಯ ಗಂಟಿನಿಂದ ತೊಡೆಯ ತನಕ, ಕರಿನೀಲಿ ಚುಕ್ಕೆಗಳು. ಸಾಸಿವೆ ಚೆಲ್ಲಿದ ಹಾಗೆ. ಅಲ್ಲಲ್ಲಿ ಹೊಂಡ ಬಿದ್ದ ಮಾಂಸ. ಸೈನಿಕ ಆಸ್ಪತ್ರೆಯಲ್ಲಿ ಹೊದಿಕೆ ಸರಿಸಿದಾಗ ಇಂಥ ಕಾಲುಗಳನ್ನು ಎಷ್ಟೋ ನೋಡಿದ್ದೆ. ಒಂದು ಕಾಲು ಮೈನ್ ತುಳಿದಾಗ ಪಕ್ಕದ ಕಾಲಿಗೆ ಮಣ್ಣು, ಮದ್ದಿನ ಪುಡಿ ಸಿಡಿದು ಚರ್ಮದೊಳಗೆ ಹೊಕ್ಕು ನಿಲ್ಲುತ್ತದೆ. ಸಾಯುವ ತನಕ ಹೋಗುವುದಿಲ್ಲ. ಗರಗಸ ಹೀಗೆ ಮಾಡುವುದಿಲ್ಲ. ಈ ವರ್ಕ್‌ಶಾಪಿಗೆ ಬಂದ ಮೇಲೆ ನಾನು ಪ್ಯಾಂಟಿನ ಒಂದೇ ಕಾಲನ್ನು ಮೇಲಕ್ಕೆ ಸುತ್ತುತ್ತಿದ್ದೆ. ಇಲ್ಲದ ಕಾಲನ್ನಷ್ಟೇ ನೋಡುವುದು ನನ್ನ ಕೆಲಸ. ಇರುವ ಕಾಲನ್ನು ಹತ್ತು ವರ್ಷದಲ್ಲಿ ಯಾರದ್ದೂ ನೋಡಿರಲಿಲ್ಲ.

"ನಿಲ್ಸಿ!" ಎಂದು ಕಿರುಚಿದೆ. "ಇವನು ಮೈನ್ ತುಳಿದವನೇ. ನಾನು ತಪ್ಪು ಹೇಳಿದೆ. ನಿಲ್ಸಿ!"

ಡ್ರೈವರ್ ಕೈ ಬಿಟ್ಟ. ಸಾರ್ಜೆಂಟ್ ಮಾತ್ರ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಮತ್ತೆ ನಂಬರ್ ಯಾಕಿಲ್ಲ?" ಎಂದ.

ವಾಚ್‌ಮನ್ ಬಾಯಿಯ ರಕ್ತ ಉಗಿದ. ಆಮೇಲೆ ನಿಧಾನವಾಗಿ ಹೇಳಿದ. ಅವನು ಸೈನಿಕನಾಗಿರಲೇ ಇಲ್ಲ. ಬೆಟ್ಟದ ಮೇಲಿನ ಸೈನ್ಯದ ಕಾವಲು ಠಾಣೆಗಳಿಗೆ ಸಾಮಾನು ಹೊರುವ ಕೂಲಿ. ಮೂರನೇ ಬೇಸಿಗೆಯಲ್ಲಿ ಕಾಲಡಿಯ ನೆಲ ಸಿಡಿಯಿತು. ಗುಡಾರದಲ್ಲಿ ಹಿಮ್ಮಡಿಯ ಹತ್ತಿರ ಕತ್ತರಿಸಿದರು, ಕೀವು ತುಂಬಿತು. ಕೂಲಿಯವನಿಗೆ ಸೈನಿಕ ಆಸ್ಪತ್ರೆಯಲ್ಲಿ ಜಾಗವಿಲ್ಲವೆಂದು ಊರಿಗೆ ಕಳಿಸಿದರು. ಊರಿನ ಡಾಕ್ಟರು ಮೇಲಕ್ಕೆ ಮತ್ತೊಮ್ಮೆ ಕತ್ತರಿಸಿ ಚೆನ್ನಾಗಿ ಹೊಲಿದರು. ನಾನು ನೋಡಿದ್ದು ಆ ಡಾಕ್ಟರ ಒಳ್ಳೆಯ ಕೈಕೆಲಸವನ್ನು.

"ಕೂಲಿ ಆಗಿದ್ರೆ ಕೂಲಿ ಅನ್ಬೇಕು. ಸೈನಿಕ ಅಂತ ಯಾಕಂದೆ?" ಎಂದ ಸಾರ್ಜೆಂಟ್.

"ಕೂಲಿ ಅಂದ್ರೆ ಹತ್ತು ತಿಂಗಳು ಕಾಯ್ಬೇಕು ಸಾರ್."

"ನಾವು ಅಲ್ಲಿ ಸತ್ತಿದ್ದೂ, ನೀನು ಮೂಟೆ ಹೊತ್ತಿದ್ದೂ ಒಂದೇ ಏನೋ?"

ವಾಚ್‌ಮನ್ ತಲೆಯೆತ್ತಿದ. ಅಷ್ಟು ಹೊತ್ತು ಬೇಡಿಕೊಳ್ಳುತ್ತಿದ್ದ ದನಿ ಹೋಗಿತ್ತು. "ಸತ್ತೋರನ್ನ ಕೆಳಗಿಳಿಸಿದ್ದು ನಾವೇ ಸಾರ್. ಮೇಲಕ್ಕೆ ಮದ್ದಿನ ಪೆಟ್ಟಿಗೆ, ಕೆಳಕ್ಕೆ ಹೆಣ. ಅದೇ ಬೆನ್ನು."

ನಮ್ಮಣ್ಣ ಆ ಬೆಟ್ಟದಿಂದ ತಾನಾಗಿ ಇಳಿದು ಬಂದಿರಲಿಲ್ಲ. ಯಾರ ಬೆನ್ನ ಮೇಲೆ ಬಂದ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಯಾವತ್ತೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸಾರ್ಜೆಂಟನ ಮುಖ ಕೆಂಪಗಾಯಿತು. ರೇಡಿಯೋ ಇನ್ನೂ ಫೋನ್ ಹಿಡಿದೇ ನಿಂತಿದ್ದ, ಒಬ್ಬ ಕೂಲಿ ಅದರ ಮುಂದೆ ಸಾರ್ಜೆಂಟನ ಬಾಯಿ ಮುಚ್ಚಿಸಿದ್ದ. "ಸುಳ್ಳ ಸುಳ್ಳನೇ," ಎಂದು ಎದ್ದು, ಚೀಲದಿಂದ ಟೈರಿನ ಲಿವರ್ ತೆಗೆದ. ಹೆದರಿಸಲು ತೆಗೆದ ಎಂದುಕೊಂಡೆ. ಎರಡೂ ಕೈಯಲ್ಲಿ ಎತ್ತಿ ವಾಚ್‌ಮನ್‌ನ ಬಲ ಮಂಡಿಯ ಮೇಲೆ ಇಳಿಸಿದ.

ಆ ಶಬ್ದವನ್ನು ನಾನು ಬರೆಯಲಾರೆ. ವಾಚ್‌ಮನ್ ಮೊದಲ ಏಟಿಗೆ ಕೂಗಲಿಲ್ಲ, ಆಶ್ಚರ್ಯದಿಂದ ಮಂಡಿಯನ್ನೇ ನೋಡಿದ. ಎರಡನೆಯದಕ್ಕೆ ಕೂಗಿದ. ಮಂಡಿಯ ಚಿಪ್ಪು ಒಳಗೆ ಹೋಗಿ ಕಾಲು ಪಕ್ಕಕ್ಕೆ ತಿರುಗಿಕೊಂಡಿತು. ಮೂರನೆಯದಕ್ಕೆ ಲಿವರ್ ಮೇಲೇಳುವಾಗ ನನಗೆ ಜೀವ ಬಂತು. ಇಕ್ಕಳ ಸಡಿಲಿಸಿ ಪ್ಲಾಸ್ಟರ್ ಅಚ್ಚನ್ನು ಪೈಪು ಹಿಡಿದು ಕಿತ್ತೆ, ಬೀಸಿ ಸಾರ್ಜೆಂಟನ ಕಿವಿಯ ಮೇಲೆ ಹೊಡೆದೆ. ಅಚ್ಚು ಎರಡು ಹೋಳಾಯಿತು. ಅವನು ಮೇಜಿನ ಕಾಲಿಗೆ ತಲೆ ಬಡಿದುಕೊಂಡು ಬಿದ್ದ. ಬಿದ್ದವನ ಎದೆಯ ಮೇಲೆ ಕೂತು ಬರಿಯ ಪೈಪಿನಿಂದ ಬಾಯಿಗೆ ಹೊಡೆದೆ. ಅವನ ಹಲ್ಲು ಮುರಿದು ನನ್ನ ಬೆರಳಿಗೆ ಚುಚ್ಚಿತು. ಅವನನ್ನು ಕೊಂದುಬಿಡುತ್ತಿದ್ದೆ, ಸುಳ್ಳೇಕೆ. ಡ್ರೈವರ್ ಹಿಂದಿನಿಂದ ಕತ್ತು ಹಿಡಿದು ಎಳೆದು ನನ್ನ ಮುಖವನ್ನು ನೆಲಕ್ಕೆ ನಾಲ್ಕು ಸಲ ಅಪ್ಪಳಿಸಿದ. ಮೂಗು ಮುರಿಯಿತು. ಬಲಗೈ ಬೆರಳುಗಳನ್ನು ಬೂಟಿನಲ್ಲಿ ತುಳಿದು ತಿರುಚಿದ. ಆಮೇಲೆ ನನ್ನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು, ರೇಡಿಯೋ ಜೊತೆ ಸೇರಿ ಸಾರ್ಜೆಂಟನನ್ನು ಹೊತ್ತುಕೊಂಡು ಹೊರಟುಹೋದ.

ನಾನು ತೆವಳಿಕೊಂಡು ಹೋಗಿ ವಾಚ್‌ಮನ್‌ನ ತೊಡೆಗೆ ಬೆಲ್ಟ್ ಬಿಗಿದೆ. ಅವನ ಪಾದ ಬಿಳಿಚಿಕೊಂಡು ತಣ್ಣಗಾಗುತ್ತಿತ್ತು. ಹೊಸ್ತಿಲಿಗೆ ಹೋಗಿ ಆಸ್ಪತ್ರೆಯ ಕಡೆ ಮುಖ ಮಾಡಿ ಗಂಟಲು ಹರಿಯುವ ಹಾಗೆ ಕೂಗಿದೆ.

ಮಂಡಿಯ ಹಿಂದಿನ ರಕ್ತನಾಳ ಹರಿದಿತ್ತು. ಎರಡು ದಿನ ನೋಡಿ, ಮೂರನೇ ದಿನ ಬಲಗಾಲನ್ನು ಮಂಡಿಯ ಮೇಲೆ ತೆಗೆದರು.

ರೇಡಿಯೋ ವಿಡಿಯೋ ಹಂಚಿದ್ದ. ಬೇಕಾದ್ದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದ. ಪದಕ ಕೀಳುವುದು, ಎದೆಯುಬ್ಬಿಸಿ ನಾನು ಹೇಳುವ ಮಾತು, ಅಲ್ಲಿಗೆ ಮುಕ್ತಾಯ. ಅರುವತ್ತು ಸಾವಿರ ಜನ ನೋಡಿ ಚಪ್ಪಾಳೆ ತಟ್ಟಿದ್ದರು. ನನ್ನ ಹೆಂಡತಿಯೂ ನೋಡಿದಳು. ಮುರಿದ ಮೂಗಿನ ಪಟ್ಟಿ ಬದಲಿಸುತ್ತ, "ಇದು ನಿಮಗೆ ಕಡಿಮೆಯಾಯ್ತು," ಎಂದಷ್ಟೇ ಹೇಳಿ ಅತ್ತಳು.

ಐದನೇ ದಿನ ವಾರ್ಡಿಗೆ ಹೋದೆ. ಮಗಳು ಹೊರಗೆ ಔಷಧಿಗೆ ಹೋಗಿದ್ದಳು. ಹೊದಿಕೆಯ ಕೆಳಗೆ ಅವನು ಅರ್ಧ ಮಂಚವನ್ನೂ ತುಂಬುತ್ತಿರಲಿಲ್ಲ.

"ಪೊಲೀಸ್ನೋರು ಬಂದಿದ್ರಂತೆ," ಎಂದೆ.

"ಬಂದಿದ್ರು ಸಾರ್. ಕಂಬಿ ಹತ್ತಿರ ಜಾರಿ ಬಿದ್ದೆ ಅಂದೆ. ಮಗಳಿಗೂ ಹಾಗೇ ಹೇಳಿದ್ದೀನಿ. ವಿಡಿಯೋ ಆದ್ಮೇಲೆ ಬಿದ್ದೆ ಅಂತ."

"ಯಾಕೆ? ನಿಜ ಹೇಳ್ಬೇಕಿತ್ತು."

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ.

"ನಾನು ಸುಳ್ಳು ಹೇಳ್ತಿದ್ದಾಗ ನೀವೆಲ್ಲ ಬರೀ ಕೈಲಿ ಹೊಡೆದ್ರಿ, ಒದ್ರಿ. ನಿಜ ಹೇಳಿದ್ಮೇಲೇ ಅಲ್ವಾ ಸಾರ್ ಅವರು ಕಬ್ಬಿಣ ತೆಗೆದಿದ್ದು? ಇನ್ನೊಂದ್ಸಲ ನಿಜ ಹೇಳೋಕೆ ನನ್ನ ಹತ್ರ ಕಾಲಿಲ್ಲ."

ಮುರಿದ ಬೆರಳುಗಳ ಕೈಯಿಂದ ಅವನ ಹೊದಿಕೆ ಸರಿಪಡಿಸಲು ಹೋದೆ. ಆಗಲಿಲ್ಲ. ಅವನೇ ಎಳೆದುಕೊಂಡ. ನನಗೆ ಅಳು ಬಂತು. ಅಲ್ಲಿ ಅಳುವ ಯೋಗ್ಯತೆಯೂ ನನಗಿರಲಿಲ್ಲ ಎಂದು ಎದ್ದು ಬಂದೆ.

ನೇರ ಠಾಣೆಗೆ ನಡೆದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಜೈಲೂ ಆಗುತ್ತದೆ ಎಂದು ಗೊತ್ತಿತ್ತು. ಫೋನ್ ಮಾಡಿ ಕರೆಸಿದವನು ನಾನು, ಬೀಗ ಹಾಕಿದವನು ನಾನು, ಒದ್ದವರಲ್ಲಿ ನಾನೂ ಒಬ್ಬ. ಇನ್‌ಸ್ಪೆಕ್ಟರ್ ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ವಿಡಿಯೋ ಅವನೂ ನೋಡಿದ್ದ.

"ಬನ್ನಿ ಸಾರ್, ಕೂತ್ಕೊಳ್ಳಿ. ಒಳ್ಳೆ ಕೆಲಸ ಮಾಡಿದ್ರಿ. ಟೀ ತರಿಸ್ಲಾ?"

ನಾನು ಕೂರಲಿಲ್ಲ. ಬಾಗಿಲಿಗೆ ಬೀಗ ಹಾಕಿದಲ್ಲಿಂದ ಬೆಲ್ಟ್ ಬಿಗಿದ ತನಕ ಒಂದೂ ಬಿಡದೆ ಹೇಳಿದೆ. ಅವನ ಮುಖದ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಪುಸ್ತಕ ತೆರೆದಿದ್ದರೂ ಒಂದಕ್ಷರ ಬರೆಯಲಿಲ್ಲ.

"ಅದೆಲ್ಲ ಇರ್ಲಿ," ಎಂದ ಕೊನೆಗೆ. "ಆ ಮನುಷ್ಯ ಸೈನಿಕನಾ, ಅಲ್ವಾ? ಮೊದಲು ಅದು ಹೇಳಿ."

"ಅಲ್ಲ," ಎಂದೆ. "ಸೈನಿಕರು ನಾವು. ಕೆಳಗೆ ಬಿದ್ದವನ ಮಂಡಿ ಒಡೆದವರೂ ನಾವೇ. ಮೊದಲು ನನ್ನ ಹೆಸರು ಬರ್ಕೊಳ್ಳಿ."

ನಾನು ಎಡಗೈಯಿಂದ ಅವನ ಪೆನ್ನಿನ ಮುಚ್ಚಳ ತೆಗೆದು ಪೆನ್ನನ್ನು ಅವನ ಮುಂದಿಟ್ಟೆ.